ಬೊನೇರ್: ದಡದಿಂದಲೇ ನಡೆದು ಇಳಿಯುವ ಕಡಲಿನಲ್ಲಿ ಏಳು ದಿನ

ಕೆರಿಬಿಯನ್ ಕಡಲಿನ ಬೊನೇರ್ ದ್ವೀಪಕ್ಕೆ ಹೊರಟವರಲ್ಲಿ ಹೆಚ್ಚಿನವರು ಡೈವಿಂಗ್ ಜಾಗಗಳ ಪಟ್ಟಿ ಹಿಡಿದು, ಹೆಸರುವಾಸಿಯಾದವುಗಳಿಂದಲೇ ಶುರುಮಾಡುತ್ತಾರೆ. ಹಾಗೆ ಮಾಡಬೇಡಿ. ಇಲ್ಲಿ ದಿನಗಳನ್ನು ಜೋಡಿಸಿಕೊಳ್ಳಬೇಕಾದ್ದು ಗಾಳಿ, ಕಾಲಿಡುವ ದಡ ಮತ್ತು ವಾಪಸಾಗುವ ವಿಮಾನ, ಈ ಮೂರನ್ನು ನೋಡಿಕೊಂಡು.

ದ್ವೀಪ ಇರುವುದು ವೆನೆಜುವೆಲಾದಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ. ವಿಸ್ತೀರ್ಣ 288 ಚದರ ಕಿ.ಮೀ. 2010ರ ಅಕ್ಟೋಬರ್ 10ರಿಂದ ಇದು ನೆದರ್‌ಲ್ಯಾಂಡ್ಸ್‌ನ ವಿಶೇಷ ಪುರಸಭೆ. ಆದರೆ ಚಲಾವಣೆಯಲ್ಲಿರುವುದು 2011ರಿಂದ ಅಮೆರಿಕನ್ ಡಾಲರ್. ವರ್ಷದ ಬಹುಪಾಲು ಗಾಳಿ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಪೂರ್ವ ದಡದಲ್ಲಿ ಅಲೆಗಳ ಅಬ್ಬರ, ಪಶ್ಚಿಮ ದಡ ಶಾಂತ. ದ್ವೀಪ ಅರ್ಧಚಂದ್ರದಂತೆ ಬಾಗಿದ್ದು, ಆ ಬಾಗಿನ ಮಡಿಲಲ್ಲಿ ಕ್ಲೈನ್ ಬೊನೇರ್ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪ ಕೂತಿದೆ. ಡೈವಿಂಗ್ ಬಹುತೇಕ ಎಲ್ಲವೂ ಈ ಪಶ್ಚಿಮದ ಬದಿಯಲ್ಲೇ. ನೀರಿನ ಉಷ್ಣಾಂಶ 26ರಿಂದ 29 ಡಿಗ್ರಿ ಸೆಲ್ಸಿಯಸ್, 3 ಮಿ.ಮೀ. ವೆಟ್‌ಸೂಟ್ ಸಾಕು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಮಾತು: ಇದು ಡಚ್ಚರ ನೆಲವಾದರೂ ಶೆಂಗೆನ್ ವಲಯವಲ್ಲ. ಕೆರಿಬಿಯನ್ ಭಾಗದ ವೀಸಾ ನಿಯಮ ಬೇರೆ. ಟಿಕೆಟ್ ಕಾಯ್ದಿರಿಸುವ ಮೊದಲೇ ಡಚ್ ಸರ್ಕಾರದ ವೀಸಾ ಪುಟದಲ್ಲಿ ನೋಡಿಕೊಳ್ಳಿ.

ಮೊದಲ ದಿನ: ಕಾಗದಪತ್ರ, ಗಾಡಿ, ತೂಕ

ಫ್ಲೆಮಿಂಗೊ ವಿಮಾನ ನಿಲ್ದಾಣದಿಂದ ರಾಜಧಾನಿ ಕ್ರಾಲೆಂಡೈಕ್‌ಗೆ ಹತ್ತು ನಿಮಿಷದ ದಾರಿಯೂ ಇಲ್ಲ. ಪ್ರವೇಶ ತೆರಿಗೆ 75 ಡಾಲರ್. ಮನೆಯಿಂದಲೇ ಆನ್‌ಲೈನ್‌ನಲ್ಲಿ ಕಟ್ಟಿ ಬಂದರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಇದಲ್ಲದೆ ನೀರಿಗಿಳಿಯುವ ಎಲ್ಲರಿಗೂ ಇಲ್ಲಿನ ಉದ್ಯಾನಗಳನ್ನು ನೋಡಿಕೊಳ್ಳುವ ಸ್ಟಿನಾಪಾ ಸಂಸ್ಥೆಯ ನೇಚರ್ ಫೀ ಇದೆ, 40 ಡಾಲರ್. ಇಡೀ ದಡದ ಕಡಲು 1979ರಿಂದ ಸಂರಕ್ಷಿತ ಪಾರ್ಕ್. ಉಬ್ಬರದ ಗೆರೆಯಿಂದ 60 ಮೀಟರ್ ಆಳದವರೆಗೆ ಅದರ ವ್ಯಾಪ್ತಿ. ರಸೀದಿ ಫೋನಿನಲ್ಲಿ ಉಳಿಸಿಕೊಳ್ಳಿ, ಮುಂದೆಯೂ ಬೇಕಾಗುತ್ತದೆ.

ಸ್ಕೂಬಾ ಮಾಡುವವರು ಮೊದಲು ಯಾವುದಾದರೂ ಡೈವ್ ಅಂಗಡಿಯಲ್ಲಿ ಪಾರ್ಕಿನ ನಿಯಮಗಳ ಪರಿಚಯ ಪಾಠ ಕೇಳಿ, ಅಲ್ಲಿಯೇ ಎದುರಿನ ನೀರಿನಲ್ಲಿ ಒಂದು ಪರೀಕ್ಷಾ ಡೈವ್ ಮಾಡಬೇಕು. ಸಾವಿರ ಡೈವ್ ಮಾಡಿದವರಿಗೂ ಇದರಿಂದ ವಿನಾಯಿತಿ ಇಲ್ಲ. ಕೈಗವಸು ನಿಷಿದ್ಧ, ಏಕೆಂದರೆ ಕೈಗವಸು ಇದ್ದವರು ಹವಳವನ್ನು ಹಿಡಿದುಕೊಳ್ಳುತ್ತಾರೆ. ಲಂಗರು ಹಾಕುವಂತಿಲ್ಲ, ಈಟಿಯಿಂದ ಮೀನು ಹೊಡೆಯುವಂತಿಲ್ಲ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗೆ 2021ರಿಂದ ನಿಷೇಧ. ಉದ್ದ ತೋಳಿನ ರ‍್ಯಾಶ್‌ಗಾರ್ಡ್ ತಂದರೆ ಸನ್‌ಸ್ಕ್ರೀನ್‌ನ ಅಗತ್ಯವೇ ಅರ್ಧ ಕಡಿಮೆಯಾಗುತ್ತದೆ.

ಪರೀಕ್ಷಾ ಡೈವ್‌ನ ನಿಜವಾದ ಉಪಯೋಗ ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಸರಿಮಾಡಿಕೊಳ್ಳುವುದು. ಬೆಂಗಳೂರಿನ ಈಜುಕೊಳದಲ್ಲಿ ಕಲಿತವರು ಅಲ್ಲಿನ ಲೆಕ್ಕವನ್ನೇ ಇಲ್ಲಿಗೆ ತಂದರೆ ಮುಳುಗುವುದೇ ಇಲ್ಲ. ಉಪ್ಪುನೀರಿಗೆ ಎರಡು ಮೂರು ಕಿಲೊ ಹೆಚ್ಚು ಬೇಕು. ಇಲ್ಲಿ ಸಿಗುವುದು 11 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್. ಗಾಳಿ ಖರ್ಚಾಗುತ್ತ ಅದು ಎರಡು ಕಿಲೊದಷ್ಟು ಹಗುರಾಗಿ, ಕೊನೆಯಲ್ಲಿ ಮೇಲಕ್ಕೆ ಎಳೆಯತೊಡಗುತ್ತದೆ. ಆದ್ದರಿಂದ ತೂಕ ನೋಡಬೇಕಾದ್ದು ಡೈವ್‌ನ ಆರಂಭದಲ್ಲಲ್ಲ, ಟ್ಯಾಂಕಿನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ; ತುಂಬಿದಾಗ 200) ಉಳಿದಿರುವಾಗ, 5 ಮೀಟರ್ ಆಳದಲ್ಲಿ. ಬಿಸಿಡಿಯ (ಗಾಳಿ ತುಂಬಿ ತೇಲಲು ತೊಡುವ ಅಂಗಿ) ಗಾಳಿ ಪೂರ್ತಿ ಬಿಟ್ಟು ಅಲ್ಲಿ ಅಲುಗಾಡದೆ ನಿಲ್ಲಲು ಆಗಬೇಕು. ಆಗದಿದ್ದರೆ ಒಂದು ಕಿಲೊ ಸೇರಿಸಿ ಮತ್ತೆ ನೋಡಿ. ಒಮ್ಮೆ ಸರಿಯಾದ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ವಾರವಿಡೀ ಅದೇ.

ಗಾಡಿ ಎಂದರೆ ಇಲ್ಲಿ ಪಿಕಪ್ ಟ್ರಕ್. ಹಿಂಭಾಗದಲ್ಲಿ ಟ್ಯಾಂಕ್ ನಿಲ್ಲಿಸುವ ಮರದ ಚೌಕಟ್ಟು ಇರುತ್ತದೆ. ಓಡಿಸುವುದು ರಸ್ತೆಯ ಬಲಬದಿಯಲ್ಲಿ. ಗೇರು ಬಹುತೇಕ ಕೈಯಲ್ಲೇ ಹಾಕಬೇಕು. ದಡದಲ್ಲಿ ಗಾಡಿ ನಿಲ್ಲಿಸಿದಾಗ ಬಾಗಿಲಿಗೆ ಬೀಗ ಹಾಕದೆ, ಗಾಜು ಇಳಿಸಿಯೇ ಬಿಡುವುದು ಇಲ್ಲಿನ ರೂಢಿ. ಒಳಗೆ ಏನೂ ಇಲ್ಲವೆಂದು ಕಳ್ಳನಿಗೆ ಕಾಣಲಿ, ಗಾಜು ಒಡೆಯದಿರಲಿ ಎಂಬ ಲೆಕ್ಕ. ಪಾಸ್‌ಪೋರ್ಟ್, ಫೋನ್, ಹಣ ಕೋಣೆಯಲ್ಲೇ ಇರಲಿ. ಹಾಗೆಯೇ ಮೆತ್ತನೆಯ ಮರಳಿಗೆ ಗಾಡಿ ಇಳಿಸಬೇಡಿ. ನಾಲ್ಕು ಟ್ಯಾಂಕ್ ಹೊತ್ತ ಟ್ರಕ್ ಹೂತರೆ ಎತ್ತುವುದು ಸುಲಭವಲ್ಲ.

ಕರೆಂಟ್ 127 ವೋಲ್ಟ್. ಟಾರ್ಚ್, ಕ್ಯಾಮೆರಾ ಚಾರ್ಜರ್‌ಗಳ ಮೇಲೆ 100–240 ಎಂದು ಬರೆದಿದ್ದರೆ ತೊಂದರೆಯಿಲ್ಲ. ಚಪ್ಪಟೆ ಪಿನ್ನಿನ ಅಡಾಪ್ಟರ್ ಸಾಕು. ನಲ್ಲಿ ನೀರು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು, ಧೈರ್ಯವಾಗಿ ಕುಡಿಯಬಹುದು.

ಎರಡನೆಯ ದಿನ: ಹಳದಿ ಕಲ್ಲುಗಳು

ದಡದ ರಸ್ತೆಯುದ್ದಕ್ಕೂ ಹಳದಿ ಬಣ್ಣ ಬಳಿದ ಕಲ್ಲುಗಳಿವೆ. ಒಂದೊಂದರ ಮೇಲೂ ಒಂದು ಡೈವ್ ಜಾಗದ ಹೆಸರು. ಕಲ್ಲು ಕಂಡಲ್ಲಿ ಗಾಡಿ ನಿಲ್ಲಿಸಿ, ಸಾಮಾನು ಹೊತ್ತು, ನಡೆದು ನೀರಿಗಿಳಿಯುವುದೇ ಬೊನೇರ್. ಗೈಡ್ ಇಲ್ಲ, ದೋಣಿ ಇಲ್ಲ, ಸಮಯದ ಕಟ್ಟಳೆ ಇಲ್ಲ. ನೇತ್ರಾಣಿಯಲ್ಲಿ ದೋಣಿಯ ಅಂಚಿನಿಂದ ಹಿಂದಕ್ಕೆ ಉರುಳಿ ಇಳಿದು ರೂಢಿಯಾದವರಿಗೆ ಇಲ್ಲಿ ಹೊಸದಾಗಿ ಕಲಿಯಬೇಕಾದ್ದು ಒಂದೇ, ನಡೆಯುವುದು. ಇಲ್ಲಿ ಆಗುವ ಗಾಯಗಳು ಹೆಚ್ಚಾಗಿ ಆಳದಲ್ಲಿ ಆಗುವುದಿಲ್ಲ, ಮೊಣಕಾಲು ಮಟ್ಟದ ನೀರಿನಲ್ಲಿ ಆಗುತ್ತವೆ.

ದಡದಲ್ಲಿ ಮರಳು ಕಡಿಮೆ. ಒಡೆದ ಹವಳದ ತುಂಡುಗಳು, ಗರಗಸದಂಥ ಸುಣ್ಣಕಲ್ಲು, ಅದರ ಸಂದುಗಳಲ್ಲಿ ಮುಳ್ಳಿನ ಕಡಲುಚೆಂಡು. ದಪ್ಪ ಅಟ್ಟೆಯ ಬೂಟಿ ಇಲ್ಲದೆ ಕಾಲಿಡಬೇಡಿ. ಬರಿಗಾಲಿಗೆ ಹಾಕುವ ಮಾದರಿಯ ಫಿನ್ (ಈಜಲು ಪಾದಕ್ಕೆ ಹಾಕುವ ರೆಕ್ಕೆ) ಇಲ್ಲಿಗೆ ಒಗ್ಗುವುದಿಲ್ಲ, ಬೂಟಿಯ ಮೇಲೆ ಪಟ್ಟಿ ಬಿಗಿಯುವಂಥದ್ದು ಬೇಕು.

ಇಳಿಯುವ ಕ್ರಮ ಹೀಗೆ. ಮೊದಲು ಬರಿಗೈಯಲ್ಲಿ ದಡಕ್ಕೆ ಹೋಗಿ ಎರಡು ನಿಮಿಷ ಅಲೆಗಳನ್ನು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಗುಂಪಿನ ನಡುವೆ ಬಿಡುವಿರುತ್ತದೆ. ಕಾಲಿಡುವ ದಾರಿಯನ್ನು, ವಾಪಸ್ ಬರುವಾಗ ಗುರುತಿಗೆ ಒಂದು ಮರವನ್ನೋ ಕಂಬವನ್ನೋ ಗೊತ್ತುಮಾಡಿಕೊಳ್ಳಿ. ಆಮೇಲೆ ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತು ಬಿಸಿಡಿ ತೊಟ್ಟು, ಅರ್ಧ ಗಾಳಿ ತುಂಬಿಸಿ. ಮಾಸ್ಕ್ ಮುಖದ ಮೇಲೆ, ಟ್ಯಾಂಕಿನ ಗಾಳಿ ಉಸಿರಾಡುವ ರೆಗ್ಯುಲೇಟರ್ ಬಾಯಲ್ಲಿ, ಫಿನ್ ಕೈಯಲ್ಲಿ. ಜೊತೆಗಾರರ ಭುಜ ಹಿಡಿದು, ಕಾಲು ಎತ್ತದೆ ಸವರಿಕೊಂಡು ನಡೆದು ಸೊಂಟದ ಮಟ್ಟ ತಲುಪಿದ ಮೇಲೆ ಫಿನ್ ಹಾಕಿ. ಜಾರಿ ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ. ಇನ್ನೊಂದು ಅಲೆ ಬಂದು ಮತ್ತೆ ಕೆಡವುತ್ತದೆ. ಬಿದ್ದಲ್ಲಿಂದಲೇ ಈಜತೊಡಗಿ. ರೆಗ್ಯುಲೇಟರ್ ಬಾಯಲ್ಲಿರಬೇಕು ಎನ್ನುವುದು ಇದಕ್ಕೇ. ವಾಪಸಿನಲ್ಲಿ ಇದೇ ಕ್ರಮ ತಿರುಗುಮುರುಗು. ಸೊಂಟದ ಮಟ್ಟಕ್ಕಿಂತ ಮೊದಲೇ ಫಿನ್ ಬಿಚ್ಚುವುದೂ ತಪ್ಪು, ಮೊಣಕಾಲ ಮಟ್ಟದವರೆಗೆ ಹಾಕಿಕೊಂಡೇ ಬರುವುದೂ ತಪ್ಪು.

ಮೊದಲ ಜಾಗವಾಗಿ ವಿಮಾನ ನಿಲ್ದಾಣದ ಬಳಿಯ ವಿಂಡ್‌ಸಾಕ್ ಒಳ್ಳೆಯದು. ನಂತರ ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ ಬ್ಯಾಚಲರ್ಸ್ ಬೀಚ್. ದಡದಿಂದ ಮರಳಿನ ತಟ್ಟೆಯೊಂದು ನಿಧಾನಕ್ಕೆ ಇಳಿಯುತ್ತ ಸುಮಾರು 10 ಮೀಟರ್ ಆಳದಲ್ಲಿ ಮುಗಿಯುತ್ತದೆ. ಅಲ್ಲಿಂದ ಹವಳದ ದಿಬ್ಬ ಇಳಿಜಾರಾಗಿ 30 ಮೀಟರ್ ಆಚೆಗೂ ಹೋಗುತ್ತದೆ. ತೇಲುಗುಂಡಿನವರೆಗೆ ಮೇಲ್ಮೈಯಲ್ಲೇ ಈಜಿ, ಅದರ ಬುಡದಲ್ಲಿ ಇಳಿಯಿರಿ. ಹಗ್ಗವನ್ನು ಬರಿಗೈಯಲ್ಲಿ ಹಿಡಿಯಬೇಡಿ: ಅದರ ಮೇಲೆ ಬೆಳೆದ ಫೈರ್ ಕೋರಲ್ ಚರ್ಮವನ್ನು ಸುಡುತ್ತದೆ. ಮೊದಲು ನೀರಿನ ಹರಿವಿಗೆ ಎದುರಾಗಿ ಹೋಗಿ, 120 ಬಾರ್ ಆದಾಗ ತಿರುಗಿ. ವಾಪಸ್ ಬರುವಾಗ 5–6 ಮೀಟರಿನ ಮರಳಿನ ತಟ್ಟೆಯ ಮೇಲೆಯೇ ಬಂದರೆ ಸೇಫ್ಟಿ ಸ್ಟಾಪ್ (ಮೇಲೇರುವ ಮೊದಲು ಸ್ವಲ್ಪ ಹೊತ್ತು ನಿಲ್ಲುವುದು) ತಾನಾಗಿ ಮುಗಿದಿರುತ್ತದೆ. ಈ ತಟ್ಟೆಯನ್ನು ಅವಸರದಲ್ಲಿ ದಾಟುವವರೇ ಹೆಚ್ಚು. ಆದರೆ ಕಡಲಕುದುರೆ, ಹವಳದ ತುಣುಕುಗಳ ನಡುವೆ ಅಡಗುವ ಫ್ರಾಗ್‌ಫಿಶ್, ಮರಳಿನಿಂದ ಕತ್ತು ಚಾಚಿ ನಿಲ್ಲುವ ಗಾರ್ಡನ್ ಈಲ್ ಎಲ್ಲವನ್ನೂ ಮರಳಿನ ಕಡೆಯೇ ಹುಡುಕಬೇಕು.

ಪಶ್ಚಿಮ ದಡವಾದ್ದರಿಂದ ದಿಕ್ಸೂಚಿಯ ಲೆಕ್ಕ ಸರಳ: ಹೊರಕ್ಕೆ ಪಶ್ಚಿಮ, ಮನೆಗೆ ಪೂರ್ವ.

ಮೂರನೆಯ ದಿನ: ಹಿಲ್ಮಾ ಹೂಕರ್, ಉಪ್ಪಿನ ಕಟ್ಟೆ

ದಿನದ ಆಳದ ಡೈವ್ ಬೆಳಗ್ಗೆ. ಹಿಲ್ಮಾ ಹೂಕರ್ 72 ಮೀಟರ್ ಉದ್ದದ ಸರಕು ಹಡಗು. 1984ರಲ್ಲಿ ಇದರ ಸುಳ್ಳು ಗೋಡೆಯ ಹಿಂದೆ ಸುಮಾರು 11 ಟನ್ ಗಾಂಜಾ ಸಿಕ್ಕಿ, ಅಧಿಕಾರಿಗಳು ಹಡಗನ್ನು ವಶಪಡಿಸಿಕೊಂಡರು. ಸೋರುತ್ತಿದ್ದ ಹಡಗನ್ನು ಕಟ್ಟೆಯಿಂದ ದೂರ ಎಳೆದು ನಿಲ್ಲಿಸಿದರು. ಅದೇ ವರ್ಷ ಸೆಪ್ಟೆಂಬರ್ 12ರಂದು ಅದು ಮುಳುಗಿತು. ಈಗ ಬಲಮಗ್ಗುಲಾಗಿ 30 ಮೀಟರ್ ಆಳದ ಮರಳಿನ ಮೇಲೆ ಮಲಗಿದೆ. ಮೇಲಿನ ಮಗ್ಗುಲು ಸುಮಾರು 18 ಮೀಟರಿಗೆ ಸಿಗುತ್ತದೆ.

ಈ ಡೈವ್‌ಗೆ ಲೆಕ್ಕ ಬೇಕು. ಹಳೆಯ ಡೈವ್ ಟೇಬಲ್ ಪ್ರಕಾರ 30 ಮೀಟರಿನಲ್ಲಿ ಇರಬಹುದಾದ ಹೊತ್ತು ಸಾಧಾರಣ ಗಾಳಿಗೆ 20 ನಿಮಿಷ, 32ರ ನೈಟ್ರಾಕ್ಸ್‌ಗೆ (ಶೇಕಡಾ 32 ಆಮ್ಲಜನಕವಿರುವ ಗಾಳಿ) ಸುಮಾರು 30 ನಿಮಿಷ. ನೈಟ್ರಾಕ್ಸ್ ಇದ್ದರೆ ಹೆಚ್ಚು ಹೊತ್ತು ಇರಬಹುದು ಎಂದು ಖುಷಿಪಡುವ ಮೊದಲು ಟ್ಯಾಂಕಿನ ಕಡೆ ನೋಡಿ: ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅಲ್ಲಿ 80 ಲೀಟರ್ ಬೇಕು. 200 ಬಾರಿನಲ್ಲಿ 50 ಮೀಸಲಿಟ್ಟರೆ ಉಳಿಯುವ 1,650 ಲೀಟರ್ ಇಪ್ಪತ್ತು ನಿಮಿಷಕ್ಕೆ ಖಾಲಿ, ಮೇಲೇರುವ ಸಮಯವನ್ನೂ ಸೇರಿಸದೆ. ಆದ್ದರಿಂದ ತಳದ ಮರಳಿಗೆ ಹೋಗಿ ಹತ್ತು ನಿಮಿಷ ಇದ್ದು, ಉಳಿದ ಸಮಯವನ್ನು 18–20 ಮೀಟರಿನ ಮೇಲಿನ ಮಗ್ಗುಲಲ್ಲಿ ಕಳೆಯುವುದು ಜಾಣತನ. ನೈಟ್ರಾಕ್ಸ್ ಟ್ಯಾಂಕನ್ನು ಪ್ರತಿ ಬಾರಿಯೂ ನೀವೇ ಅಳತೆ ಮಾಡಿ, ಶೇಕಡಾವಾರು ಮತ್ತು ಗರಿಷ್ಠ ಆಳ ಬರೆದು ಸಹಿ ಹಾಕಬೇಕು. 32ಕ್ಕೆ 33 ಮೀಟರ್ ಮಿತಿ. ಹಡಗಿನ ಒಳಗೆ ಹೋಗುವುದು ತರಬೇತಿ ಇದ್ದವರಿಗೆ ಮಾತ್ರ. ಹೊರಗಿನ ನೆರಳಿನಲ್ಲಿ ಆಳೆತ್ತರದ ಟಾರ್ಪನ್ ಮೀನು ಅಲುಗಾಡದೆ ನಿಂತಿರುವುದು ಸಾಮಾನ್ಯ.

ಇಲ್ಲಿ ಜನ ದಾರಿ ತಪ್ಪುವುದಕ್ಕೆ ಒಂದು ಕಾರಣವಿದೆ. ದಕ್ಷಿಣದ ಈ ಭಾಗದಲ್ಲಿ ಹವಳದ ದಿಬ್ಬಗಳು ಎರಡು, ಒಂದಕ್ಕೊಂದು ಸಮಾಂತರ; ನಡುವಿನ ಮರಳಿನ ಓಣಿಯಲ್ಲಿ ಹಡಗು ಇರುವುದು. ತಿರುಗಿ ಹೊರಟವರು ಎದುರಿಗೆ ದಿಬ್ಬ ಕಂಡಿತೆಂದು ಹೊರಗಿನ ದಿಬ್ಬವನ್ನೇ ದಡದ ದಿಬ್ಬವೆಂದು ಏರತೊಡಗುತ್ತಾರೆ. ಕಣ್ಣನ್ನಲ್ಲ, ದಿಕ್ಸೂಚಿಯನ್ನು ನಂಬಿ.

ಮಧ್ಯಾಹ್ನ ಇನ್ನೂ ದಕ್ಷಿಣಕ್ಕೆ ಸಾಲ್ಟ್ ಪಿಯರ್. ಗುಲಾಬಿ ಬಣ್ಣದ ಉಪ್ಪಿನ ಗದ್ದೆಗಳು, ಬಿಳಿ ಗುಡ್ಡದಂಥ ಉಪ್ಪಿನ ರಾಶಿ. ಗುಲಾಬಿಗೆ ಕಾರಣ ಅತಿ ಉಪ್ಪಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು. ರಾಶಿಯಿಂದ ಹಡಗಿಗೆ ಉಪ್ಪು ಸಾಗಿಸುವ ಕಟ್ಟೆಯ ಕಂಬಗಳ ನಡುವೆ ಡೈವಿಂಗ್, ಸ್ನಾರ್ಕೆಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತ ಮೇಲ್ಮೈಯಲ್ಲೇ ಈಜುವುದು) ಎರಡೂ ಚೆನ್ನ. ಹಡಗು ನಿಂತಿದ್ದರೆ ಇಳಿಯುವಂತಿಲ್ಲ. ಹೊರಡುವ ಮೊದಲು ಡೈವ್ ಅಂಗಡಿಯಲ್ಲಿ ವಿಚಾರಿಸಿ. ಕಂಬಗಳಿಗೆ ಸ್ಪಂಜು, ಹವಳ ಹತ್ತಿಕೊಂಡಿವೆ. ಕಂಬದ ನೆರಳಿನಲ್ಲಿ ಗ್ರಂಟ್ ಮೀನಿನ ಹಿಂಡು, ಹಿಂಡಿನ ಆಚೆ ಕಡಲಾಮೆ. ಹೆಚ್ಚಿನದು 12 ಮೀಟರಿನೊಳಗೆ, ಆದ್ದರಿಂದ ಬೆಳಗಿನ ಆಳದ ಡೈವ್‌ಗೆ ಸರಿಯಾದ ಜೋಡಿ. ಮೀನುಗಾರರ ತುಂಡು ದಾರಗಳು ಕಂಬಕ್ಕೆ ಸುತ್ತಿಕೊಂಡಿರುತ್ತವೆ. ಸಣ್ಣ ಕತ್ತರಿ ಇರಲಿ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ದಡದಲ್ಲಿ ಸಾಲಾಗಿ ಪುಟ್ಟ ಕಲ್ಲುಗುಡಿಸಲುಗಳು, ಒಳಗೆ ನಿಲ್ಲಲೂ ಆಗದಷ್ಟು ತಗ್ಗು. ಉಪ್ಪಿನ ಕೆಲಸದ ಗುಲಾಮರು ಮಲಗುತ್ತಿದ್ದ ಜಾಗ. ಕಟ್ಟಿದ್ದು 1850ರಲ್ಲಿ, ಡಚ್ಚರು ಗುಲಾಮಗಿರಿಯನ್ನು ಇಲ್ಲಿ ರದ್ದುಮಾಡಿದ್ದು 1863ರಲ್ಲಿ. ಅವರ ಮನೆ ಮಕ್ಕಳು ಇದ್ದದ್ದು ಉತ್ತರದ ರಿಂಕೋನ್‌ನಲ್ಲಿ, ಇಲ್ಲಿಂದ ಹಲವು ತಾಸಿನ ನಡಿಗೆ. ಪಕ್ಕದಲ್ಲೇ ಡೈವ್ ಜಾಗವೂ ಇದೆ. ಫೋಟೊ ತೆಗೆಯಲು ಗುಡಿಸಲಿನ ಮೇಲೆ ಒದ್ದೆ ವೆಟ್‌ಸೂಟ್ ಒಣಹಾಕುವವರನ್ನು ಕಂಡರೆ ಯಾರಾದರೂ ಗದರಬೇಕು. ದಕ್ಷಿಣ ತುದಿಗೆ ಹೋದಷ್ಟೂ ನೀರಿನ ಸೆಳೆತ ಜೋರು. ರೆಡ್ ಸ್ಲೇವ್ ಎಂಬ ಜಾಗ ಹೊಸಬರಿಗಲ್ಲ.

ನಾಲ್ಕನೆಯ ದಿನ: ಕ್ಲೈನ್ ಬೊನೇರ್ ಮತ್ತು ರಾತ್ರಿ

ಈ ದಿನ ಸ್ನಾರ್ಕೆಲ್ ಮಾಡುವವರದು. ಕ್ರಾಲೆಂಡೈಕ್‌ನಿಂದ ವಾಟರ್ ಟ್ಯಾಕ್ಸಿ ಸಿಗುತ್ತದೆ. ಕ್ಲೈನ್ ಬೊನೇರ್ ದಡದಿಂದ ಒಂದು ಕಿ.ಮೀ. ಒಳಗೇ ಇದೆ. ಹರಿವು ಯಾವ ಕಡೆಗಿದೆಯೆಂದು ದೋಣಿಯವರನ್ನು ಕೇಳಿ, ಅದರ ಮೇಲ್ಬದಿಯಲ್ಲಿ ನೀರಿಗಿಳಿದರೆ ಕೈಕಾಲು ಆಡಿಸದೆ ದಿಬ್ಬದ ಅಂಚಿನ ಮೇಲೆ ತೇಲುತ್ತ ನೋ ನೇಮ್ ಬೀಚ್ ತಲುಪಬಹುದು. ಬೀಚ್ ದಾಟಿ ಹೋದರೆ ವಾಪಸ್ ಎದುರೀಜು. ಆದ್ದರಿಂದ ಬಿಳಿ ಮರಳು ಕಂಡೊಡನೆ ದಡದ ಕಡೆ ಓರೆಯಾಗಿ ಈಜಿ. ಅಲ್ಲಿ ಅಂಗಡಿ ಇಲ್ಲ, ಶೌಚಾಲಯ ಇಲ್ಲ, ನೆರಳೂ ಇಲ್ಲವೆಂದೇ ತಿಳಿಯಿರಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಕಸ ವಾಪಸ್ ತರಲು ಚೀಲ. ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಗುರುತು ಹಾಕಿದ ಜಾಗ ತುಳಿಯಬೇಡಿ.

ಸ್ನಾರ್ಕೆಲ್ ಮಾಡುವಾಗ ಮಾಸ್ಕಿಗೆ ನೀರು ಬರುವುದಕ್ಕೆ ಬಹುಪಾಲು ಕಾರಣ ಪಟ್ಟಿ ಸಡಿಲವಾದದ್ದಲ್ಲ, ಅತಿ ಬಿಗಿಯಾದದ್ದು; ಇಲ್ಲವೆ ಅಂಚಿಗೆ ಸಿಕ್ಕ ಕೂದಲು, ಮೀಸೆ. ಮಾಸ್ಕಿನೊಳಗೆ ಮಬ್ಬು ಕವಿಯದಿರಲು ಬೇಬಿ ಶಾಂಪೂ ಒಂದು ಹನಿ ಸಾಕು.

ಸಂಜೆಗೆ ತಂಗಿದ ಹೋಟೆಲಿನ ಎದುರಿನ ದಿಬ್ಬದಲ್ಲೇ ರಾತ್ರಿ ಡೈವ್. ಹಗಲಿನಲ್ಲಿ ಒಮ್ಮೆ ಇಳಿದ ಜಾಗವಾಗಿದ್ದರೆ ಮಾತ್ರ. ಒಬ್ಬೊಬ್ಬರಿಗೆ ಎರಡು ಟಾರ್ಚ್, ದಡದಲ್ಲಿ ಗುರುತಿಗೊಂದು ದೀಪ. ಟಾರ್ಚ್ ಬೆಳಕಿನಲ್ಲಿ ಬೇಟೆಯಾಡಲು ಟಾರ್ಪನ್‌ಗಳು ಪಕ್ಕದಲ್ಲೇ ನುಗ್ಗಿ ಬರುತ್ತವೆ. ಮೊದಲ ಸಲ ಎದೆ ಝಲ್ಲೆನ್ನುತ್ತದೆ, ಆದರೆ ಅವುಗಳ ಕಣ್ಣು ಸಣ್ಣ ಮೀನಿನ ಮೇಲೆ. ಮಲಗಿದ ಮೀನಿನ ಮೇಲೆ ಬೆಳಕು ನೆಟ್ಟು ಹಿಡಿದರೆ ಅದು ಪ್ರಾಣ ಕಳೆದುಕೊಳ್ಳಬಹುದು.

ಪ್ರವಾಸದ ತಿಥಿ ನಿಮ್ಮ ಕೈಯಲ್ಲಿದ್ದರೆ ಪಂಚಾಂಗ ನೋಡಿ. ಹುಣ್ಣಿಮೆ ಕಳೆದು ಬಿದಿಗೆಯಿಂದ ಪಂಚಮಿಯವರೆಗೆ, ಅಂದರೆ ಸಂಕಷ್ಟಿಯ ಆಸುಪಾಸು, ಸೂರ್ಯ ಮುಳುಗಿದ ಮುಕ್ಕಾಲು ಗಂಟೆಗೆ ಎಲ್ಲ ಟಾರ್ಚ್ ಆರಿಸಿ ನೀರಿನಲ್ಲಿ ನಿಂತರೆ ಆಸ್ಟ್ರಕಾಡ್ ಎಂಬ ಸಾಸಿವೆ ಕಾಳಿಗಿಂತ ಚಿಕ್ಕ ಜೀವಿಗಳು ನೀಲಿ ಬೆಳಕಿನ ಚುಕ್ಕಿಸಾಲುಗಳನ್ನು ಬಿಡುತ್ತವೆ. ಗಂಡು ಹೆಣ್ಣನ್ನು ಕರೆಯುವ ರೀತಿ ಅದು. ಕತ್ತಲಾಗಿಯೂ ಚಂದ್ರ ಹುಟ್ಟದ ಆ ಸಣ್ಣ ಅಂತರದಲ್ಲಷ್ಟೇ ಇದು ನಡೆಯುವುದು, ತಡವಾಗಿ ಇಳಿದರೆ ತಪ್ಪಿಹೋಗುತ್ತದೆ.

ಐದನೆಯ ದಿನ: ಉತ್ತರದ ಮೆಟ್ಟಿಲುಗಳು

ಉತ್ತರದಲ್ಲಿ ದಡವೆಂದರೆ ಸುಣ್ಣಕಲ್ಲಿನ ಕಡಿದಾದ ಅಂಚು. 'ಸಾವಿರ ಮೆಟ್ಟಿಲು' ಎಂಬರ್ಥದ ಹೆಸರಿನ ಥೌಸಂಡ್ ಸ್ಟೆಪ್ಸ್‌ನಲ್ಲಿ ಇರುವುದು ಎಪ್ಪತ್ತರ ಆಸುಪಾಸು. ಟ್ಯಾಂಕ್ ಹೊತ್ತು ಮೇಲೆ ಬರುವಾಗ ಹೆಸರು ಸರಿಯೆನಿಸುತ್ತದೆ. ಡೈವ್ ಮುಗಿದ ಕೂಡಲೇ ಏದುಸಿರು ಬಿಡುವಷ್ಟು ಶ್ರಮ ಒಳ್ಳೆಯದಲ್ಲ. ದಡದಲ್ಲಿ ಕೂತು ನೀರು ಕುಡಿದು, ಎರಡು ಸುತ್ತಿನಲ್ಲಿ ಸಾಮಾನು ಸಾಗಿಸಿ.

ಇದರ ಆಚೆಗೆ ದಡದ ರಸ್ತೆ ಏಕಮುಖ. ಕರ್ಪಾಟಾವರೆಗೆ ಹೋಗಿ ರಿಂಕೋನ್ ಊರಿನ ಮೂಲಕವೇ ಸುತ್ತಿ ಬರಬೇಕು. ಮರೆತ ಸಾಮಾನಿಗೆ ಹಿಂದೆ ತಿರುಗುವಂತಿಲ್ಲ, ಹೊರಡುವ ಮೊದಲೇ ಫಿನ್, ಮಾಸ್ಕ್ ಎಣಿಸಿಕೊಳ್ಳಿ.

ಹವಳದ ಸ್ಥಿತಿ ಬಗ್ಗೆ ಹಳೆಯ ಫೋಟೊ ನೋಡಿ ಬರುವವರಿಗೆ ಹೇಳಲೇಬೇಕು. 1999ರ ನವೆಂಬರಿನಲ್ಲಿ ಲೆನ್ನಿ ಚಂಡಮಾರುತ ಪಶ್ಚಿಮದಿಂದ ಅಲೆ ಎಬ್ಬಿಸಿ, ತಗ್ಗು ನೀರಿನ ಹವಳವನ್ನು ಮುರಿದಿತ್ತು. 2023ರಲ್ಲಿ ಗಟ್ಟಿ ಹವಳದ ಅಂಗಾಂಶ ಕರಗಿಸುವ ರೋಗ ಇಲ್ಲಿಗೂ ಬಂತು. ಮಿದುಳಿನಾಕಾರದ ಹವಳ, ಕಂಬದ ಹವಳಗಳು ವಾರಗಳಲ್ಲಿ ಬೆಳ್ಳಗಾಗಿ ಸತ್ತವು. ರೋಗ ಸಲಕರಣೆಯ ಮೂಲಕವೂ ಹರಡೀತೆಂದು ಡೈವ್ ಅಂಗಡಿಗಳಲ್ಲಿ ಸೋಂಕುನಿವಾರಕದ ತೊಟ್ಟಿ ಇಟ್ಟಿರುತ್ತಾರೆ. ಬಿಸಿಡಿಯ ಒಳಗಿನ ನೀರನ್ನೂ ಬಸಿದು ತೊಳೆಯಿರಿ. ಜಾಗ ಮುಚ್ಚಿದ ಫಲಕವಿದ್ದರೆ ಇಳಿಯಬೇಡಿ. ದಿನಕ್ಕೆ ಎರಡು ಜಾಗವಿದ್ದರೆ ಆರೋಗ್ಯವಾಗಿರುವುದು ಮೊದಲು, ರೋಗ ಇರುವುದು ಆಮೇಲೆ.

ಮಧ್ಯಾಹ್ನದ ಡೈವ್‌ಗೇ ಸ್ಕೂಬಾ ಮುಗಿಸಿ. ಇನ್ನು ಮುಂದಿನದು ವಿಮಾನದ ಲೆಕ್ಕ: ಹಲವು ದಿನ ಡೈವ್ ಮಾಡಿದವರಿಗೆ ವಿಮಾನ ಹತ್ತುವ ಮೊದಲು ಕನಿಷ್ಠ 18 ತಾಸು, ನೆಮ್ಮದಿಗೆ 24 ತಾಸು ಬಿಡುವು ಬೇಕು. ಡೈವ್ ಆದ ಮೇಲೆ ಕೀಲುನೋವು, ಜೋಮು, ವಿಪರೀತ ಸುಸ್ತು ಕಂಡರೆ ನಿದ್ದೆ ಮಾಡಿದರೆ ಹೋದೀತೆಂದು ಕಾಯಬೇಡಿ; ಇದಕ್ಕೆ ಚಿಕಿತ್ಸೆ ಕೊಡುವ ಒತ್ತಡ ಕೋಣೆ ಕ್ರಾಲೆಂಡೈಕ್‌ನಲ್ಲೇ ಇದೆ.

ಆರನೆಯ ದಿನ: ವಾಷಿಂಗ್ಟನ್ ಸ್ಲಾಗ್‌ಬಾಯ್

1969ರಲ್ಲಿ ಶುರುವಾದ ಈ ರಾಷ್ಟ್ರೀಯ ಉದ್ಯಾನ ದ್ವೀಪದ ವಾಯವ್ಯ ಮೂಲೆಯನ್ನು ಆವರಿಸಿದೆ. ಬಾಗಿಲು ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಮಧ್ಯಾಹ್ನ ಎರಡೂವರೆಯ ನಂತರ ಒಳಗೆ ಬಿಡುವುದಿಲ್ಲ. ನೇಚರ್ ಫೀ ರಸೀದಿ, ಜೊತೆಗೆ ಫೋಟೊ ಇರುವ ಗುರುತುಚೀಟಿ ಬೇಕು. ರಸ್ತೆ ಮಣ್ಣಿನದು, ಏಕಮುಖ. ಉದ್ದದ ಸುತ್ತು 34 ಕಿ.ಮೀ., ಗಿಡ್ಡದ್ದು 24. ಬೇಗ ಹೊರಟವರು ಮಾತ್ರ ಉದ್ದದ್ದು ಹಿಡಿಯಿರಿ. ಬೈಕಿಗೆ ಪ್ರವೇಶವಿಲ್ಲ. ಟ್ರಕ್ಕಿನ ಬಿಡಿಚಕ್ರಕ್ಕೆ ಗಾಳಿ ಇದೆಯೇ ಎಂದು ಮೊದಲೇ ನೋಡಿ.

ಬ್ರಾಂಡಾರಿಸ್ ಗುಡ್ಡ 241 ಮೀಟರ್, ದ್ವೀಪದ ಅತಿ ಎತ್ತರ. ಡೈವ್ ಮಾಡಿದ ಮರುದಿನ ಏರಲು ಎತ್ತರದ ತೊಂದರೆಯಿಲ್ಲ. ತೊಂದರೆ ಬಿಸಿಲಿನದು, ಆದ್ದರಿಂದ ಬೆಳಗ್ಗೆಯೇ ಏರಿ. ಪೂರ್ವ ಬದಿಯ ಪ್ಲಾಯಾ ಚಿಕಿಟು ಮರಳು ನೋಡಿ ಆಸೆಯಾದರೂ ನೀರಿಗೆ ಇಳಿಯಬೇಡಿ, ಸೆಳೆತ ಒಳಕ್ಕೆ ಎಳೆಯುತ್ತದೆ. ಸ್ನಾರ್ಕೆಲ್‌ಗೆ ಪಶ್ಚಿಮದ ವಯಾಕಾ ಮತ್ತು ಬೋಕಾ ಸ್ಲಾಗ್‌ಬಾಯ್. ಎರಡರಲ್ಲಿ ವಯಾಕಾ ಮೇಲು: ದಡದಿಂದ ನಾಲ್ಕು ಹೆಜ್ಜೆಯಲ್ಲೇ ಗಿಳಿಮೀನುಗಳು ಬಂಡೆ ಕೆರೆಯುವ ಕರಕರ ಸದ್ದು ನೀರಿನೊಳಗೆ ಕೇಳುತ್ತದೆ. ದಾರಿಯಲ್ಲಿ ಸಿಗುವ ಉಪ್ಪುಕೆರೆಗಳಲ್ಲಿ ಫ್ಲೆಮಿಂಗೊ ಹಿಂಡು. ಗಾಡಿಯೊಳಗಿಂದಲೇ ನೋಡಿ, ಇಳಿದು ಹತ್ತಿರ ಹೋದರೆ ಹಾರಿಹೋಗುತ್ತವೆ.

ಏಳನೆಯ ದಿನ: ಲಾಕ್ ಕೊಲ್ಲಿ

ಹೊರಡುವ ದಿನದ ಬೆಳಗ್ಗೆ ಪೂರ್ವದ ಲಾಕ್ ಕೊಲ್ಲಿ. ಬಾಯಿಗೆ ಹವಳದ ದಿಬ್ಬ ಅಡ್ಡವಿರುವುದರಿಂದ ಅಲೆ ಒಳಬರುವುದಿಲ್ಲ, ಗಾಳಿ ಮಾತ್ರ ಬರುತ್ತದೆ. ಸೊಂಟದ ಮಟ್ಟದ ನೀರು, ನಿಲ್ಲದ ಗಾಳಿ. ವಿಂಡ್‌ಸರ್ಫಿಂಗ್ ಕಲಿಯುವವರಿಗೆ ಸೊರೊಬೋನ್ ಬೀಚ್‌ಗಿಂತ ಒಳ್ಳೆಯ ಜಾಗ ಹುಡುಕಬೇಕು. ಈಜು ಬಾರದವರೂ ಮಕ್ಕಳೂ ನಿರಾತಂಕವಾಗಿ ನಿಲ್ಲಬಹುದಾದ ಬೀಚ್ ದ್ವೀಪದಲ್ಲಿ ಇದೇ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಡೆ ಹೋಗುವುದಾದರೆ ಗೈಡ್ ಜೊತೆ ಕಯಾಕ್‌ನಲ್ಲಿ. ತಳದಲ್ಲಿ ತಲೆಕೆಳಗಾಗಿ ಮಲಗಿದ ಕಸಿಯೋಪಿಯಾ ಅಂಬಲಿಮೀನುಗಳನ್ನು ಕೆದಕಿದರೆ ಸುತ್ತಲಿನ ನೀರೇ ತುರಿಸತೊಡಗುತ್ತದೆ. ಕಡಲ ಹುಲ್ಲಿನ ಮೇಲೆ ಕಾಲೂರಬೇಡಿ. ಹಸಿರು ಆಮೆಗಳ ಮೇವು ಅದು.

ಸಲಕರಣೆಯನ್ನು ಆರನೆಯ ದಿನವೇ ಸಿಹಿನೀರಿನಲ್ಲಿ ನೆನೆಹಾಕಿ ನೆರಳಿನಲ್ಲಿ ತೂಗುಹಾಕಿದ್ದರೆ ಈ ಹೊತ್ತಿಗೆ ಒಣಗಿರುತ್ತದೆ. ಹಾಗೆ ಮಾಡದವರ ವೆಟ್‌ಸೂಟ್, ಬಿಸಿಡಿ, ಬೂಟಿ ಸೇರಿ ಎರಡು ಮೂರು ಕಿಲೊ ನೀರನ್ನೇ ಹೊತ್ತು ವಿಮಾನದ ತೂಕದ ಮಿತಿ ಮೀರಿಸುತ್ತವೆ. ರೆಗ್ಯುಲೇಟರಿನ ಮೊದಲ ಹಂತಕ್ಕೆ ಮುಚ್ಚಳ ಹಾಕಿಯೇ ನೆನೆಸಬೇಕು. ಟಾರ್ಚಿನ ಲಿಥಿಯಂ ಬ್ಯಾಟರಿ ಬಿಚ್ಚಿ ಕೈಚೀಲಕ್ಕೆ, ಚಿಪ್ಪು ಹವಳದ ತುಂಡು ಯಾವುದೂ ಚೀಲಕ್ಕಿಲ್ಲ; ಸತ್ತದ್ದಾದರೂ ಒಯ್ಯುವುದು ಕಾನೂನುಬಾಹಿರ, ನಿಲ್ದಾಣದಲ್ಲಿ ಚೀಲ ತೆರೆಸುತ್ತಾರೆ. ಟ್ರಕ್ಕಿನ ಹಿಂಭಾಗದ ಮರಳು ಗುಡಿಸಿ, ಪೆಟ್ರೋಲ್ ತುಂಬಿಸಿ, ಚಕ್ರ ಮತ್ತು ಗಾಜಿನ ಫೋಟೊ ತೆಗೆದುಕೊಂಡು ಗಾಡಿ ಒಪ್ಪಿಸಿ.